ಎಂಟು ಕಿಲೋವ್ಯಾಟಿನ ಹೀಟರ್

"ಆ ತುದಿ ಸರಿಯಾಗಿ ಹಿಡ್ಕೋ ನೋಲೀನ್. ಪಟ್ಟಿ ಜಾರ್ತಾ ಇದೆ."

"ಪಟ್ಟಿ ಜಾರ್ತಿಲ್ಲ. ನನ್ನ ಬೆರಳು ಮರಗಟ್ಟಿದೆ."

ಕ್ಲೈವ್ ವ್ಯಾನಿನ ಹಿಂಬಾಗಿಲಲ್ಲಿ ಮಂಡಿಯೂರಿ ಅಳತೆಪಟ್ಟಿಯ ಒಂದು ತುದಿ ಹಿಡಿದಿದ್ದ. ಇನ್ನೊಂದು ತುದಿ ಒಳಗೆ ಮಂಚದ ಮೇಲೆ ಕೂತಿದ್ದ ಅವನ ಹೆಂಡತಿಯ ಕೈಯಲ್ಲಿತ್ತು. ಜೂನ್ ತಿಂಗಳ ಬೆಳಗು, ಇಲ್ಲಿ ಆಗ ಚಳಿಗಾಲ. ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಉಪ್ಪು ಎರಚಿದ ಹಾಗೆ ಕಾಣುತ್ತಿತ್ತು. ನೋಲೀನ್ ಎರಡು ಸ್ವೆಟರ್, ಅದರ ಮೇಲೊಂದು ಕೋಟು, ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡು ಮಡಿಲಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದಳು. ಕ್ಲೈವ್ ಚಡ್ಡಿಯಲ್ಲಿದ್ದ.

ಇದರಲ್ಲಿ ವಿಶೇಷವೇನೂ ಇಲ್ಲ. ನ್ಯೂಜಿಲೆಂಡಿನ ಈ ತೆಂಕಣ ತುದಿಯಲ್ಲಿ, ನಮ್ಮ ಒಟಾಗೊ ಸೀಮೆಯಲ್ಲಿ, ಗಂಡಸಾದವನು ಪ್ಯಾಂಟು ಹಾಕಿಕೊಂಡು ಹೊರಗೆ ಬಂದರೆ ಯಾರು ತೀರಿಕೊಂಡರು ಎಂದು ಜನ ವಿಚಾರಿಸುತ್ತಾರೆ. ಚಳಿ ಎಂಬ ಮಾತನ್ನು ಅವನು ಬಾಯಿಬಿಟ್ಟು ಹೇಳುವಂತಿಲ್ಲ. ಬಕೆಟ್ಟಿನ ನೀರು ಕಲ್ಲಾಗಿದ್ದರೆ "ಇವತ್ತು ಸ್ವಲ್ಪ ಚುರುಕಾಗಿದೆ" ಎನ್ನಬಹುದು, ಅಷ್ಟೆ. ಕ್ಲೈವನಂತೂ ಈ ಶಾಸ್ತ್ರದಲ್ಲಿ ಪಂಡಿತ. ಮಿಲ್ಟನ್ ಊರಿನ ಉಣ್ಣೆ ಗಿರಣಿಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತನಾದವನು. ಚಳಿಗೆ ಉಣ್ಣೆಯೊಂದೇ ಮದ್ದು, ಬೆಂಕಿ ಇರುವುದು ಅಡುಗೆಗೆ ಎಂದು ನಂಬಿದವನು. ಅವನ ಮನೆಯಲ್ಲಿ ಬೆಣ್ಣೆ ಮೆತ್ತಗಾಗಬೇಕಿದ್ದರೆ ಫ್ರಿಜ್ಜಿನೊಳಗೆ ಇಡಬೇಕಿತ್ತು. ಮಕ್ಕಳು ಚಳಿ ಎಂದು ಅತ್ತಾಗ, ಅತ್ತೆ ಗೊಣಗಿದಾಗ, ಒಮ್ಮೆ ಚಹಾಕ್ಕೆ ಬಂದ ಪಾದ್ರಿಯ ಹಲ್ಲು ಕಟಕಟ ಎಂದಾಗ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಇನ್ನೊಂದು ಸ್ವೆಟರ್ ಹಾಕ್ಕೋ."

ಅಂಥವನು ಈಗ ಹೀಟರಿಗಾಗಿ ಅಳತೆ ತೆಗೆಯುತ್ತಿದ್ದ.

ಅದಕ್ಕೆ ಕಾರಣ ಹೋದ ವರ್ಷದ ಚಳಿಗಾಲದಲ್ಲಿ ಇದೇ ವ್ಯಾನಿನಲ್ಲಿ ಕಳೆದ ಒಂದು ರಾತ್ರಿ. ತಿರುಗಾಟಕ್ಕೆ ಹೋಗಿ ಬೆಟ್ಟದ ಬುಡದಲ್ಲಿ ವ್ಯಾನು ನಿಲ್ಲಿಸಿ ಮಲಗಿದ್ದರು. "ಕ್ಲೈವ್, ತುಂಬಾ ಚಳಿ," ಎಂದಳು ನೋಲೀನ್. ಕ್ಲೈವ್ ಮಗ್ಗುಲು ಸಹ ಬದಲಿಸದೆ ಸ್ವೆಟರಿನ ಮಾತು ಹೇಳಿದ. ಇದ್ದ ಮೂರನ್ನೂ ಆಕೆ ಆಗಲೇ ಹಾಕಿಕೊಂಡಾಗಿತ್ತು. ಮತ್ತೆ ಅವಳು ಮಾತಾಡಲಿಲ್ಲ. ಬೆಳಗಾಗುವ ಹೊತ್ತಿಗೆ ಇಬ್ಬರ ಉಸಿರೂ ವ್ಯಾನಿನ ಚಾವಣಿಗೆ ಹೆಪ್ಪುಗಟ್ಟಿ, ಬಿಸಿಲೇರಿದ ಮೇಲೆ ಕರಗಿ, ಸರಿಯಾಗಿ ಅವಳ ಹಣೆಯ ಮೇಲೆಯೇ ತೊಟ್ಟಿಕ್ಕತೊಡಗಿತು. ಮನೆಗೆ ವಾಪಸು ಬರುವ ದಾರಿಯುದ್ದಕ್ಕೂ ಅವಳು ತುಟಿ ಬಿಚ್ಚಲಿಲ್ಲ. ಶಾಲಾ ಬಸ್ಸು ಓಡಿಸಿಕೊಂಡಿದ್ದವಳು ನೋಲೀನ್. ಹಿಂದಿನ ಸೀಟಿನ ಪುಂಡರನ್ನು ಬರೀ ಗಂಟಲಿನಿಂದ ಅಡಗಿಸಿದವಳು. ಅವಳು ಬೈದರೆ ಕ್ಲೈವನಿಗೆ ನೆಮ್ಮದಿ. ಸುಮ್ಮನಿದ್ದರೆ ಜೀವ ಹಾರುತ್ತಿತ್ತು.

ಈ ಮೇ ತಿಂಗಳಲ್ಲಿ ಒಂದು ಸಂಜೆ ಅವಳು ಆಲೂಗಡ್ಡೆ ಸುಲಿಯುತ್ತ ಹೇಳಿದಳು, "ಶೋನಾ ಕರೀತಿದ್ದಾಳೆ."

ಶೋನಾ ಅವಳ ತಂಗಿ. ಗಂಡ ಹೋದ ಮೇಲೆ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಸಮುದ್ರದ ದಂಡೆಯಲ್ಲಿ ಮನೆ ಮಾಡಿಕೊಂಡಿದ್ದಳು.

"ಅಲ್ಲಿ ಜುಲೈ ತಿಂಗಳಲ್ಲೂ ಬಟ್ಟೆ ಒಗೆದು ಹೊರಗೆ ಹಾಕ್ತಾರಂತೆ," ಎಂದಳು ನೋಲೀನ್. "ಒಣಗುತ್ತಂತೆ."

"ಎಷ್ಟು ದಿನಕ್ಕೆ ಹೋಗ್ತೀಯಾ?"

"ಚಳಿಗಾಲ ಮುಗಿಯೋ ತನಕ."

"ಆಮೇಲೆ?"

"ಆಮೇಲೆ ನೋಡೋಣ."

ಶೋನಾಳ ಮನೆಯಲ್ಲಿ ಹೆಚ್ಚಿನ ಕೋಣೆಯೊಂದಿದೆ ಎಂದು ಅವನಿಗೆ ಗೊತ್ತಿತ್ತು. ಸುತ್ತಿ ಬಳಸಿ ಹೇಳುವುದೇನು, ಹೋದವಳು ತಿರುಗಿ ಬರಲಿಕ್ಕಿಲ್ಲ ಎಂದು ಅವನಿಗೆ ಹೆದರಿಕೆಯಾಯಿತು. ಆ ಹೆದರಿಕೆಯಲ್ಲಿ ಅವನ ಬಾಯಿಂದ ತನ್ನ ವಂಶದಲ್ಲೇ ಯಾರೂ ಆಡದ ಮಾತು ಬಂದುಬಿಟ್ಟಿತು.

"ವ್ಯಾನಿಗೆ ಹೀಟರ್ ಹಾಕಿಸ್ತೀನಿ."

ನೋಲೀನ್ ಚಾಕು ಕೆಳಗಿಟ್ಟು ಅವನನ್ನು ನೋಡಿದಳು. ಜ್ವರ ಬಂದಿದೆಯೋ ಎಂದು ಹಣೆ ಮುಟ್ಟಿ ನೋಡಿದಳು. ಕಡೆಗೆ, "ಸರಿ. ಈ ಸಲ ಕೆರೆ ಹೆಪ್ಪುಗಟ್ಟಿ ಆಟ ಆದರೆ ವ್ಯಾನಿನಲ್ಲಿ ಒಂದು ರಾತ್ರಿ ಮಲಗಿ ನೋಡ್ತೀನಿ. ಬೆಳಗಿನ ತನಕ ಬೆಚ್ಚಗಿದ್ರೆ ಇಲ್ಲೇ ಇರ್ತೀನಿ. ಇಲ್ಲಾಂದ್ರೆ ಶೋನಾ," ಎಂದಳು.

ಆಟವೆಂದರೆ ಕರ್ಲಿಂಗ್. ಹೆಪ್ಪುಗಟ್ಟಿದ ಕೆರೆಯ ಮೇಲೆ ಹಿಡಿಯಿರುವ ದುಂಡುಕಲ್ಲನ್ನು ಜಾರಿಸಿ, ದೂರದಲ್ಲಿ ಐಸಿನ ಮೇಲೆ ಬರೆದ ವೃತ್ತದೊಳಗೆ ನಿಲ್ಲಿಸಬೇಕು. ಆ ವೃತ್ತಕ್ಕೆ ಮನೆ ಎನ್ನುತ್ತಾರೆ. ಸ್ಕಾಟ್ಲೆಂಡಿನಿಂದ ಬಂದ ನಮ್ಮ ಮುತ್ತಾತಂದಿರು ಕುರಿಗಳ ಜೊತೆಗೆ ಕಟ್ಟಿಕೊಂಡು ಬಂದ ಹುಚ್ಚು ಇದು. ಒಳನಾಡಿನ ಮನಿಯೊಟೊಟೊ ಬಯಲಿನ ಕೆರೆಯಲ್ಲಿ ಐಸು ಸಾಕಷ್ಟು ದಪ್ಪ ಕಟ್ಟಿದ ವರ್ಷ ಮಾತ್ರ ದೊಡ್ಡ ಆಟ, ಕಟ್ಟದಿದ್ದರೆ ಇಲ್ಲ. ರೇಡಿಯೋದಲ್ಲಿ ಕರೆ ಬಂತೆಂದರೆ ಜನ ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟು ಓಡುತ್ತಾರೆ. ಕಲ್ಲಿನ ಮುಂದೆ ಪೊರಕೆ ಹಿಡಿದು ಐಸು ಗುಡಿಸುತ್ತ ಹೋದರೆ ಕಲ್ಲು ಇನ್ನಷ್ಟು ದೂರ ಜಾರುತ್ತದೆ. ಮನೆಯಲ್ಲಿ ಪೊರಕೆ ಯಾವ ಮೂಲೆಯಲ್ಲಿದೆ ಎಂದು ಗೊತ್ತಿಲ್ಲದ ಗಂಡಸರು ಅಲ್ಲಿ ಬೆವರು ಸುರಿಸಿ ಗುಡಿಸುವುದನ್ನು ನೋಡಲೆಂದೇ ಎಷ್ಟೋ ಹೆಂಗಸರು ಬರುತ್ತಾರೆ.

ಕ್ಲೈವನ ತಂಡದ ನಾಯಕಿ ನೋಲೀನ್. ಐಸಿನ ಮೇಲೆ ಅವಳ ಮಾತನ್ನು ಅವನು ಯಾವತ್ತೂ ಮೀರಿದವನಲ್ಲ. ಅವಳು "ಗುಡಿಸು" ಎಂದರೆ ಗುಡಿಸುತ್ತಿದ್ದ, "ಬಿಡು" ಎಂದರೆ ಬಿಡುತ್ತಿದ್ದ. ದಡ ಹತ್ತಿದ ಮೇಲೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ.

ಅಳತೆಯ ಚೀಟಿ ಹಿಡಿದು ಅವನು ಮೊದಲು ಹೋದದ್ದು ಗಾರ್ತನ ಬಳಿಗೆ. ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು ಇಟ್ಟುಕೊಂಡಿದ್ದ ಗಾರ್ತ್ ಅವರ ತಂಡದಲ್ಲೇ ಆಡುವವನು, ಕ್ಲೈವನ ಬಾಲ್ಯದ ಗೆಳೆಯ.

"ಹೀಟರಾ? ನೀನಾ?" ಗಾರ್ತ್ ಟ್ರ್ಯಾಕ್ಟರಿನಡಿಯಿಂದ ಜಾರಿ ಹೊರಗೆ ಬಂದ. "ಮೈ ಹುಷಾರಿದೆಯಾ ಮಾರಾಯ?"

"ನನಗಲ್ಲ, ನೋಲೀನ್‌ಗೆ."

"ಹಾಗನ್ನು. ನಿನ್ನ ವ್ಯಾನಿಗೆ ಎರಡು ಕಿಲೋವ್ಯಾಟಿಂದು ಸಾಕು. ಡೀಸೆಲ್ ಕುಡಿದು ಬಿಸಿಗಾಳಿ ಊದುತ್ತೆ, ಹೊಗೆಯೆಲ್ಲ ಕೊಳವೆಯಲ್ಲಿ ಹೊರಗೆ ಹೋಗುತ್ತೆ."

"ಎರಡೇ? ಎಂಟರದ್ದೂ ಇದೆಯಂತಲ್ಲ."

"ಅದು ಬಸ್ಸಿಗೆ! ನಿಂದು ಬಸ್ಸೇನೋ? ಎರಡು ಜನ ಮಲಗಿದ್ರೆ ಮೂರನೆಯವನು ಉಸಿರಾಡೋಕೆ ಹೊರಗೆ ಹೋಗ್ಬೇಕು, ಅಷ್ಟು ಜಾಗ. ಮೂಗಿಗಿಂತ ಮೂಗುತಿ ಭಾರ ಆಗುತ್ತೆ ನೋಡು."

"ದೊಡ್ಡದಿದ್ರೆ ಕಡಿಮೆ ಮಾಡ್ಕೋಬಹುದು. ಚಿಕ್ಕದನ್ನ ಹೆಚ್ಚು ಮಾಡೋಕಾಗುತ್ತಾ?"

"ಎಲ್ಲರೂ ಹೀಗೇ ಅನ್ನೋದು," ಎಂದು ಗಾರ್ತ್ ಕೈ ಒರೆಸಿಕೊಂಡ. "ಕೇಳಿಲ್ಲಿ. ಇದು ಒಲೆ ಇದ್ದ ಹಾಗೆ. ಚೆನ್ನಾಗಿ ಉರಿದ್ರೆ ಮಸಿ ಇಲ್ಲ. ದೊಡ್ಡದನ್ನ ಸಣ್ಣ ಜಾಗಕ್ಕೆ ಹಾಕಿದ್ರೆ ಯಾವಾಗಲೂ ಸಣ್ಣ ಉರಿ. ಸಣ್ಣ ಉರಿಯಲ್ಲಿ ಡೀಸೆಲ್ ಸರಿಯಾಗಿ ಸುಡಲ್ಲ, ಒಳಗೆಲ್ಲ ಮಸಿ ಕಟ್ಟುತ್ತೆ. ಒಂದು ದಿನ ಉಸಿರು ಕಟ್ಟಿ ನಿಂತುಬಿಡುತ್ತೆ. ನಿಲ್ಲೋದೂ ಚಳಿ ಜಾಸ್ತಿ ಇದ್ದ ದಿನವೇ."

ಕ್ಲೈವ್ ತಲೆಯಾಡಿಸಿದ. ತಲೆಯಾಡಿಸಿದ್ದಷ್ಟೆ. ಎರಡು ಎಂಬ ಅಂಕಿ ಅವನ ಮನಸ್ಸಿಗೆ ಹಿಡಿಸಲೇ ಇಲ್ಲ. ಮದುವೆಯಾದಂದಿನಿಂದ ಆ ಹೆಂಗಸು ಸಹಿಸಿದ ಚಳಿಯನ್ನೆಲ್ಲ ಎರಡು ಕಿಲೋವ್ಯಾಟಿನಲ್ಲಿ ತೀರಿಸುವುದು ಹೇಗೆ? ವ್ಯಾನಿನ ಉದ್ದಗಲವನ್ನು ಅಳೆದಿದ್ದ, ನಿಜ. ಆದರೆ ಹೀಟರ್ ಆರಿಸುವಾಗ ಅವನ ಕಣ್ಣಿಗೆ ಕಟ್ಟಿದ್ದು ಹಣೆಯ ಮೇಲೆ ಹನಿ ತೊಟ್ಟಿಕ್ಕುತ್ತಿದ್ದರೂ ಮಾತಾಡದೆ ಮಲಗಿದ್ದ ನೋಲೀನಳ ಮುಖ. ಎಂಟರದ್ದಕ್ಕೇ ಆರ್ಡರ್ ಮಾಡಿದ. ಹನ್ನೆರಡರದ್ದು ಇದ್ದಿದ್ದರೆ ಅದನ್ನೇ ತರಿಸುತ್ತಿದ್ದ.

ಪೆಟ್ಟಿಗೆ ಬಂತು. ಮಂಚದ ಕೆಳಗೆ ಹಿಡಿಸಲಿಲ್ಲ. ನೋಲೀನಳ ಬಟ್ಟೆಯ ಕಪಾಟಿನ ಅರ್ಧ ಕೊಯ್ದು ಅಲ್ಲಿ ಕೂರಿಸಿದ. ಅವಳು ಬಾಗಿಲಲ್ಲಿ ನಿಂತು ನೋಡಿದಳು.

"ನನ್ನ ಬಟ್ಟೆ ಎಲ್ಲಿಡೋದು?"

"ಈ ಹೀಟರ್ ಇದ್ರೆ ಬಟ್ಟೆ ಯಾಕೆ ಬೇಕು?" ಎಂದು ಕ್ಲೈವ್ ಹೇಳಿದ. ಹೇಳಿದ ಮೇಲೆ ಅದರ ಇನ್ನೊಂದು ಅರ್ಥ ಹೊಳೆದು ಕಿವಿಯವರೆಗೂ ಕೆಂಪಾದ. ನೋಲೀನ್ ನಗಲಿಲ್ಲ, ಆದರೆ ಬೈಯಲೂ ಇಲ್ಲ.

ಆಮೇಲಿನ ದಿನಗಳಲ್ಲಿ ಸಂಜೆಯಾದರೆ ಸಾಕು, ಅವನು ಅಂಗಳದ ವ್ಯಾನಿನಲ್ಲಿ ಹೀಟರ್ ಪರೀಕ್ಷೆಗೆ ಕೂರುತ್ತಿದ್ದ. ಪೂರ್ತಿ ಹಾಕಿದರೆ ಕ್ಷಣದಲ್ಲಿ ಒಳಗೆ ಕುಲುಮೆ. ಅದಕ್ಕೇ ತೀರ ಸಣ್ಣ ಉರಿಗೆ ಇಳಿಸಿ, ಡೀಸೆಲಿನ ಪುಟ್ಟ ಪಂಪು ಟಿಕ್ ಟಿಕ್ ಎನ್ನುವುದನ್ನು ಕೇಳುತ್ತ, ಊಟಕ್ಕೆ ಕರೆಯುವವರೆಗೂ ಕೂತಿರುತ್ತಿದ್ದ. ಪರೀಕ್ಷೆ ಎಂಬುದು ನೆಪ. ಅವನಿಗೆ ಅಲ್ಲಿ ಹಿತವಾಗುತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ಚಳಿಗಾಲದಲ್ಲಿ ಅವನ ಮಂಡಿಗಳು ನೋಯದೆ ಇದ್ದವು. ಆದರೆ ಅದನ್ನು ಯಾರಿಗೂ ಹೇಳಲಿಲ್ಲ, ತನಗೆ ತಾನೂ ಹೇಳಿಕೊಳ್ಳಲಿಲ್ಲ. ಕೊಳವೆಯ ತುದಿಯಲ್ಲಿ ಕಪ್ಪು ಮಸಿ ಉದುರುತ್ತಿದ್ದುದನ್ನು ನೋಡಿದ. ಹೊಸದಲ್ಲವೇ, ಇರುತ್ತದೆ ಎಂದುಕೊಂಡ.

ಜುಲೈ ನಡುವಿನಲ್ಲಿ ಕರೆ ಬಂತು. ಕೆರೆ ಕಟ್ಟಿದೆ, ನಾಳೆಯಿಂದ ಆಟ. ಮಿಲ್ಟನ್ನಿನ ಬೇಕರಿಗೆ ಬೀಗ ಬಿತ್ತು. ದನದ ಡಾಕ್ಟರು ನಾಪತ್ತೆಯಾದರು. ಗಾರ್ತ್ ಟ್ರ್ಯಾಕ್ಟರಿನ ಇಂಜಿನ್ನನ್ನು ನೆಲದ ಮೇಲೆ ಬಿಚ್ಚಿಟ್ಟಂತೆಯೇ ಬಿಟ್ಟು ತಮ್ಮನನ್ನೂ ಕಲ್ಲುಗಳನ್ನೂ ಹೇರಿಕೊಂಡು ಹೊರಟ. ಕ್ಲೈವ್ ವ್ಯಾನು ಓಡಿಸಿದ. ಪಕ್ಕದಲ್ಲಿ ನೋಲೀನ್ ತೊಡೆಯ ಮೇಲೆ ಚೀಸ್ ರೋಲುಗಳ ಡಬ್ಬಿಯಿಟ್ಟುಕೊಂಡು ಕೂತಿದ್ದಳು. ಬೆಟ್ಟ ಹತ್ತಿ ಬಯಲಿಗೆ ಇಳಿದಾಗ ಸುತ್ತ ಎಲ್ಲವೂ ಬಿಳಿ; ಬೇಲಿಯ ತಂತಿ ಕೂಡ ಬೆರಳಿನಷ್ಟು ದಪ್ಪಗೆ ಹಿಮ ಕಟ್ಟಿಕೊಂಡಿತ್ತು.

"ಸ್ವಲ್ಪ ಚುರುಕಾಗಿದೆ," ಎಂದ ಕ್ಲೈವ್.

ನೋಲೀನ್ ಕಿಟಕಿಯ ಕಡೆ ನೋಡಿದಳು.

ಮೊದಲ ದಿನ ಅವರ ತಂಡ ಹೇಗೋ ಗೆದ್ದಿತು. ಗೆದ್ದದ್ದು ಕ್ಲೈವನಿಂದಂತೂ ಅಲ್ಲ. ಅವನು ಜಾರಿಸಿದ ಕಲ್ಲುಗಳೆಲ್ಲ ಎಂದಿನಂತೆ ಮನೆಯೊಳಗೆ ನುಗ್ಗಿ, ಮನೆ ದಾಟಿ, ಆಚೆ ದಡದ ಜೊಂಡಿಗೆ ಹೋಗಿ ಬಡಿದವು.

"ಜೋರಾಯ್ತು!" ಎಂದು ಆ ತುದಿಯಿಂದ ನೋಲೀನ್ ಕೂಗುತ್ತಿದ್ದಳು. "ಅದು ಇಲ್ಲಿ ನಿಲ್ಲಬೇಕು ಕಣೋ, ಆಸ್ಟ್ರೇಲಿಯಾಕ್ಕೆ ಹೋಗೋದಲ್ಲ!"

ಆಸ್ಟ್ರೇಲಿಯಾ ಎಂಬ ಮಾತು ಕೇಳಿದಾಗಲೆಲ್ಲ ಕ್ಲೈವನ ಮುಂದಿನ ಕಲ್ಲು ಇನ್ನೂ ಜೋರಾಗಿ ಹೋಗುತ್ತಿತ್ತು.

ಹೊತ್ತು ಮುಳುಗುತ್ತಿದ್ದಂತೆ ಕೆರೆಯ ದಂಡೆಯಲ್ಲಿ ವ್ಯಾನುಗಳ ಸಾಲಿನಲ್ಲಿ ದೀಪಗಳು ಹೊತ್ತಿದವು. ಕ್ಲೈವ್ ಗಂಭೀರವಾಗಿ ಗುಂಡಿ ಒತ್ತಿದ. ಹೀಟರ್ ಗುರ್ ಎಂದು ಎದ್ದಿತು. ನೋಲೀನ್ ಮೊದಲು ಟೊಪ್ಪಿ ತೆಗೆದಳು, ಆಮೇಲೆ ಕೋಟು, ಆಮೇಲೆ ಒಂದು ಸ್ವೆಟರ್. ಕ್ಲೈವನ ಎದೆ ಹಿಗ್ಗಿತು. ಅವಳು ಎರಡನೆಯ ಸ್ವೆಟರನ್ನೂ ಬಿಚ್ಚಿ, ಹೀಟರಿನ ಜೊತೆ ಬಂದಿದ್ದ ಪುಸ್ತಿಕೆಯಿಂದ ಗಾಳಿ ಬೀಸಿಕೊಳ್ಳತೊಡಗಿದಳು.

"ಬೆಚ್ಚಗಿದೆ ತಾನೇ?"

"ಕ್ಲೈವ್, ಬೆಣ್ಣೆ ಕರಗಿ ಹೋಯ್ತು ನೋಡು," ಎಂದಳು ಅವಳು ಬೆರಗಿನಿಂದ. "ನಮ್ಮ ಮದುವೆಯಾದ ಮೇಲೆ ಇದೇ ಮೊದಲು."

ಬಾಗಿಲು ತೆರೆಯದೆ ಗತಿಯಿರಲಿಲ್ಲ. ತೆರೆದ ಬಾಗಿಲಿನಿಂದ ಬಿಸಿ ಹೊರಗೆ ಹರಿಯಿತು. ಆ ಜಾಡು ಹಿಡಿದು ಮೊದಲು ಯಾರದೋ ನಾಯಿ ಬಂತು, ಆಮೇಲೆ ಗಾರ್ತ್ ಬಂದ, ಅವನ ತಮ್ಮ ಬಂದ, ಎದುರು ತಂಡದವರೂ ಬಂದರು. "ಚಳಿ ಏನಿಲ್ಲ, ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ" ಎಂದು ಒಬ್ಬೊಬ್ಬನೂ ಹೇಳುತ್ತ ಬಂದು, ಬಾಗಿಲಿನ ಮುಂದೆ ನಿಂತು ಚಡ್ಡಿಯ ಕೆಳಗಿನ ಬರಿಯ ಕಾಲುಗಳನ್ನು ರೊಟ್ಟಿಯ ಹಾಗೆ ಆಚೀಚೆ ತಿರುವಿ ಕಾಯಿಸಿಕೊಂಡ. ಚೀಸ್ ರೋಲುಗಳನ್ನು ಹೀಟರಿನ ಬಾಯಿಗೆ ಹಿಡಿದರೆ ಸುಟ್ಟು ಗರಿಗರಿಯಾಗುತ್ತಿದ್ದವು. ವಿಸ್ಕಿ ಕೈಯಿಂದ ಕೈಗೆ ಹೋಯಿತು.

"ಇಡೀ ಕೆರೆ ಕರಗಿಸೋ ಯೋಚನೆಯಾ?" ಎಂದ ಗಾರ್ತ್. "ನಾಳೆ ಆಟ ಇದೆ ಮಾರಾಯ." ಆಮೇಲೆ ತಗ್ಗಿದ ದನಿಯಲ್ಲಿ, "ಎಂಟರದ್ದು ತಾನೇ?" ಎಂದ.

"ಎಂಟು."

"ಮಲಗೋವಾಗ ಬಾಗಿಲು ಹಾಕಿ ಸಣ್ಣ ಮಾಡ್ತೀಯಲ್ಲ, ಆಗ ನನ್ನ ನೆನೆಸ್ಕೋ."

ಎಲ್ಲರೂ ಹೋದ ಮೇಲೆ ಕ್ಲೈವ್ ಬಾಗಿಲು ಹಾಕಿದ, ಹೀಟರನ್ನು ತೀರ ಸಣ್ಣ ಉರಿಗೆ ಇಳಿಸಿದ. ಹದವಾಗಿ ಬೆಚ್ಚಗಾಯಿತು. ನೋಲೀನ್ ರಗ್ಗನ್ನು ಸೊಂಟದವರೆಗೆ ಮಾತ್ರ ಹೊದ್ದು ಮಲಗಿದಳು. "ಚೆನ್ನಾಗಿದೆ," ಎಂದಳು. ಕ್ಲೈವ್ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಪಂಪಿನ ಟಿಕ್ ಟಿಕ್ ಕೇಳುತ್ತ, ಒಂದೊಂದು ಟಿಕ್ಕಿಗೂ ಶೋನಾ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಾಳೆ ಎಂದುಕೊಂಡು ನಿದ್ದೆ ಹೋದ.

ಎಚ್ಚರವಾದಾಗ ಟಿಕ್ ಟಿಕ್ ಇರಲಿಲ್ಲ. ಕಿಟಕಿಯಲ್ಲಿ ಬೆಳಕು ಇನ್ನೂ ಬೂದಿಬಣ್ಣ. ಮೂಗಿನ ತುದಿ ತನ್ನದಲ್ಲ ಎನಿಸಿತು. ಗುಂಡಿ ಒತ್ತಿದ. ಹೀಟರ್ ಕೆಮ್ಮಿತು, ವ್ಯಾನಿನಡಿಯಿಂದ ಬಿಳಿ ಹೊಗೆ ಎದ್ದಿತು, ಮತ್ತೆ ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದ. ಕೆಮ್ಮಲೂ ಇಲ್ಲ.

ಅವನು ಸದ್ದಾಗದಂತೆ ಬಾಗಿಲು ಸರಿಸಿ ಹೊರಗಿಳಿದ. ಚಡ್ಡಿಯಲ್ಲೇ ಹಿಮದ ಮೇಲೆ ಬೋರಲು ಮಲಗಿ ವ್ಯಾನಿನ ಕೆಳಗೆ ತಲೆ ತೂರಿಸಿದ. ಕೊಳವೆಯೊಳಗೆ ಬೆರಳು ಹಾಕಿದರೆ ಬೆರಳು ಒಳಗೆ ಹೋಗಲಿಲ್ಲ; ಗಟ್ಟಿ ಮಸಿ. ಕಡ್ಡಿಯಿಂದ ಕೆದಕಿದ. ಮಸಿ ಕಣ್ಣಿಗೂ ಬಾಯಿಗೂ ಉದುರಿತು. ಗಾರ್ತನನ್ನು ನೆನೆಸಿಕೊಂಡ. ಕೈ ಕಾಲು ಅವನ ಮಾತು ಕೇಳುವುದನ್ನು ಬಿಟ್ಟವು. ಮಂಡಿಗಳನ್ನು ಯಾರೋ ಸುತ್ತಿಗೆಯಿಂದ ಬಡಿಯುತ್ತಿರುವ ಹಾಗಿತ್ತು. ಎದ್ದು, ಬಾಗಿಲಿನ ಹಿಡಿ ಹುಡುಕಿ, ಹೇಗೋ ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತ.

ನೋಲೀನ್ ಎಚ್ಚರವಾಗಿಯೇ ಇದ್ದಳು. ರಗ್ಗು ಗಲ್ಲದವರೆಗೆ ಬಂದಿತ್ತು. ಮೇಲೆ ಚಾವಣಿಯಲ್ಲಿ ಹೋದ ವರ್ಷದ ಹಾಗೆಯೇ ಉಸಿರು ಹೆಪ್ಪುಗಟ್ಟತೊಡಗಿತ್ತು.

ಕ್ಲೈವ್ ಏನೋ ಹೇಳಲು ಬಾಯಿ ತೆರೆದ. ಕೊಳವೆಯ ಬಗ್ಗೆ ಹೇಳಬಹುದಿತ್ತು, ಮಸಿಯ ಬಗ್ಗೆ, ರಿಪೇರಿ ಮಾಡಿಸುವ ಬಗ್ಗೆ. ಹಲ್ಲುಗಳು ಒಂದಕ್ಕೊಂದು ಬಡಿದು ಆ ಮಾತುಗಳನ್ನೆಲ್ಲ ಪುಡಿ ಮಾಡಿದವು. ಹೊರಗೆ ಬಂದದ್ದು ಬೇರೆಯೇ.

"ಚಳಿ, ನೋಲೀನ್."

ನೋಲೀನ್ ದಿಂಬಿನಿಂದ ತಲೆ ಎತ್ತಿದಳು.

"ಏನಂದೆ?" ಎಂದಳು ಅವಳು.

"ಚಳಿ ಆಗ್ತಿದೆ."

"ಸರಿಯಾಗಿ ಕೇಳಿಸಲಿಲ್ಲ."

"ಚಳಿ ಕಣೇ!" ಎಂದು ಕ್ಲೈವ್ ಕೂಗಿದ. ಸಾಲಿನಲ್ಲಿದ್ದ ಬೇರೆ ವ್ಯಾನುಗಳಿಗೂ ಕೇಳಿಸಿರಬೇಕು. "ಚಳಿ! ಜೀವ ಹೋಗ್ತಿದೆ. ಹೋದ ವರ್ಷನೂ ಹೋಗ್ತಿತ್ತು. ಅವತ್ತು ರಾತ್ರಿ ನಾನೂ ನಿದ್ದೆ ಮಾಡ್ಲಿಲ್ಲ. ನಮ್ಮಪ್ಪನ ಮನೇಲೂ ಚಳಿ, ಗಿರಣೀಲೂ ಚಳಿ, ನಮ್ಮ ಮನೇಲಿ ಎಲ್ಲಾ ಕಡೆಗಿಂತ ಚಳಿ. ನನ್ನ ಮಂಡಿ ನೋಯದೇ ಇದ್ದ ಚಳಿಗಾಲ ಒಂದೂ ಇಲ್ಲ!"

ಹೇಳಿ ಮುಗಿಸಿ ಅವನು ಬೆಪ್ಪನ ಹಾಗೆ ಕೂತ. ಮಸಿ ಮೆತ್ತಿದ ಮುಖದಲ್ಲಿ ಕಣ್ಣುಗಳೆರಡೇ ಬೆಳ್ಳಗೆ ಕಾಣುತ್ತಿದ್ದವು. ನೋಲೀನ್ ಎದ್ದು ಕೂತಳು. ಆಮೇಲೆ, ಇಷ್ಟು ವರ್ಷ ಜೋಪಾನವಾಗಿ ತೆಗೆದಿಟ್ಟಿದ್ದ ಒಡವೆಯನ್ನು ಹೊರತೆಗೆಯುವವಳಂತೆ, ನಿಧಾನವಾಗಿ ಹೇಳಿದಳು.

"ಇನ್ನೊಂದು ಸ್ವೆಟರ್ ಹಾಕ್ಕೋ."

ಮರುಕ್ಷಣವೇ ಅವಳಿಗೆ ನಗು ತಡೆಯಲಾಗಲಿಲ್ಲ. ಬಸ್ಸಿನ ಕಾಲದ ಗಂಟಲಿನಿಂದ ನಕ್ಕಳು, ವ್ಯಾನು ಅಲ್ಲಾಡುವ ಹಾಗೆ ನಕ್ಕಳು, ಕಣ್ಣಿನಲ್ಲಿ ನೀರು ಬರುವವರೆಗೂ ನಕ್ಕಳು. ನಗುತ್ತ ನಗುತ್ತಲೇ ಅರ್ಧ ಕಪಾಟಿಗೆ ಕೈ ಹಾಕಿ, ತನಗೆಂದು ತಾನೇ ಹೆಣೆದುಕೊಂಡಿದ್ದ ಉಣ್ಣೆಯ ಪ್ಯಾಂಟನ್ನು ಎಳೆದು ಅವನ ಮೇಲೆ ಎಸೆದಳು. ನೇರಳೆ ಬಣ್ಣದ್ದು, ಮಂಡಿಗಳ ಮೇಲೆ ಬಿಳಿ ಕುರಿಗಳು. ಕ್ಲೈವ್ ಅದನ್ನು ಹಾಕಿಕೊಂಡ. ಸೊಂಟ ಬಿಗಿಯಾಯಿತು, ಕಾಲು ಗಿಡ್ಡವಾಯಿತು, ಆದರೂ ಬೆಚ್ಚಗಿತ್ತು.

"ಬಾ," ಎಂದು ಅವಳು ರಗ್ಗು ಎತ್ತಿ ಹಿಡಿದಳು. ಅವನ ಪಾದ ತಾಗಿದ ಕೂಡಲೇ ಕಿರುಚಿದಳು. "ಅಯ್ಯೋ! ಇದೇನು ಕಾಲೋ, ಮೀನೋ!" ಎಂದಳು. ಆದರೆ ದೂರ ಸರಿಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕ್ಲೈವ್ ಹೇಳಿದ, "ಶೋನಾಗೆ ಫೋನ್ ಮಾಡು. ಬೆಳಗಿನ ತನಕ ಬೆಚ್ಚಗಿರಲಿಲ್ಲ. ಮಾತು ಅಂದ್ರೆ ಮಾತು."

ಅವಳು ರಗ್ಗನ್ನು ಇಬ್ಬರ ಮೇಲೂ ಎಳೆದುಕೊಂಡಳು. ಮತ್ತೆ ಆ ಮಾತೆತ್ತಲು ಅವನಿಗೆ ಧೈರ್ಯ ಸಾಲಲಿಲ್ಲ.

ಬೆಳಗಿನ ಆಟಕ್ಕೆ ಕ್ಲೈವ್ ಅದೇ ಪ್ಯಾಂಟಿನಲ್ಲಿ ಕೆರೆಗೆ ಇಳಿದ. ಐಸಿನ ಮೇಲಿದ್ದ ಅಷ್ಟೂ ಗಂಡಸರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಗಾರ್ತ್ ಮೊದಲು ಕುರಿಗಳನ್ನು ನೋಡಿದ, ಆಮೇಲೆ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಯಾರು ತೀರಿಕೊಂಡ್ರು?"

"ಯಾರೂ ಇಲ್ಲ," ಎಂದ ಕ್ಲೈವ್. "ಚಳಿ ಆಯ್ತು. ಹಾಕ್ಕೊಂಡೆ."

ಯಾರದೋ ಕೈಯಿಂದ ಪೊರಕೆ ಬಿತ್ತು. ಪಕ್ಕದ ತಂಡದ ಮುದುಕನೊಬ್ಬ ನೀಲಿಗಟ್ಟಿದ ತನ್ನ ಮೊಣಕಾಲನ್ನು ಉಜ್ಜಿಕೊಂಡು, ಆಚೀಚೆ ನೋಡಿ, "ಹೌದಪ್ಪ, ಸ್ವಲ್ಪ ಚಳಿಯೇ," ಎಂದು ತನ್ನ ಎದೆಗೆ ಮಾತ್ರ ಕೇಳಿಸುವಂತೆ ಹೇಳಿಕೊಂಡ.

ಆಟ ಸಮಸಮವಾಗಿ ನಡೆದು ಕೊನೆಯ ಕಲ್ಲಿಗೆ ಬಂದು ನಿಂತಿತು. ಜಾರಿಸುವ ಸರದಿ ಕ್ಲೈವನದು. ಆ ತುದಿಯಲ್ಲಿ, ಮನೆಯ ನಡುವೆ ನಿಂತು, ನೋಲೀನ್ ಪೊರಕೆಯಿಂದ ಜಾಗ ತೋರಿಸುತ್ತಿದ್ದಳು. ಆಗ ಅವಳ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತೆಗೆದು ಕಿವಿಗಿಟ್ಟಳು. ಅವಳ ದನಿ ಐಸಿನ ಮೇಲೆ ಈ ತುದಿಯವರೆಗೂ ಸಲೀಸಾಗಿ ಬಂತು.

"ಶೋನಾ, ಈಗಾಗಲ್ಲ, ಆಟದಲ್ಲಿದ್ದೀನಿ. ... ಹೀಟರಾ? ಕೆಟ್ಟು ನಿಂತಿದೆ. ಗಾರ್ತ್ ಎರಡರದ್ದು ಹಾಕಿಕೊಡ್ತಾನೆ. ... ಬರ್ತೀನಿ, ಬರ್ತೀನಿ. ಒಂದು ಹದಿನೈದು ದಿನಕ್ಕೆ. ಆ ಕೋಣೇಲಿ ಮಂಚ ದೊಡ್ಡದಿದೆ ತಾನೇ? ಇವನನ್ನೂ ಕರ್ಕೊಂಡು ಬರ್ತೀನಿ." ಅವಳು ಒಂದು ಗಳಿಗೆ ಕ್ಲೈವನ ಕಡೆ ನೋಡಿದಳು. "ಹ್ಞೂಂ ಕಣೇ. ಇವನಿಗೆ ಚಳಿ ಆಗುತ್ತಂತೆ."

ಕೆರೆಯ ಮೇಲಿದ್ದವರೆಲ್ಲ ಕ್ಲೈವನ ಕಡೆ ತಿರುಗಿದರು. ಅವನು ಬಗ್ಗಿ ಕಲ್ಲಿನ ಹಿಡಿ ಹಿಡಿದ. ಮುಖ ಕಾಣಿಸಲಿಲ್ಲ, ನೇರಳೆ ಮಂಡಿಗಳಷ್ಟೇ ಕಂಡವು. ಕಲ್ಲನ್ನು ಒಮ್ಮೆ ಹಿಂದಕ್ಕೆ ತೂಗಿ, ಮುಂದಕ್ಕೆ ಬಿಟ್ಟ.

ಆ ಕಲ್ಲು ಅವನ ಕೈಯಿಂದ ಎಂದೂ ಹೋಗದಷ್ಟು ಮೆಲ್ಲಗೆ ಹೋಯಿತು. ಅರ್ಧ ದಾರಿಯಲ್ಲೇ ಸುಸ್ತಾದಂತೆ ಕಂಡಿತು. ಗಾರ್ತನೂ ಅವನ ತಮ್ಮನೂ ಪೊರಕೆ ಎತ್ತಿ ನಾಯಕಿಯ ಮುಖ ನೋಡಿದರು. ನೋಲೀನ್ ಅವರಿಗೆ ಬೇಡವೆಂದು ಕೈ ಆಡಿಸಿದಳು. ಫೋನನ್ನು ಜೇಬಿಗೆ ಹಾಕಿ, ಮನೆಯಿಂದ ತಾನೇ ಹೊರಟು ಐಸಿನ ಮೇಲೆ ಪುಟ್ಟ ಪುಟ್ಟ ಹೆಜ್ಜೆಯಿಡುತ್ತ ಎದುರು ಬಂದಳು. ಕಲ್ಲಿನ ಮುಂದೆ ಬಗ್ಗಿ, ಬಿರುಸಾಗಿ ಗುಡಿಸುತ್ತ, ಒಂದೊಂದೇ ಹೆಜ್ಜೆ ಹಿಂದೆ ಸರಿಯತೊಡಗಿದಳು. ನಿಂತೇ ಹೋಯಿತು ಎನ್ನುವಂತಿದ್ದ ಕಲ್ಲು ನಿಲ್ಲದೆ ಅವಳ ಪೊರಕೆಯ ಹಿಂದೆಯೇ ತೆವಳುತ್ತ ಮನೆಯ ಕಡೆಗೆ ಬರುತ್ತಿತ್ತು.